ಬೀಗ ಹಾಕಿದ ಮನೆಯ ಗಿಳಿ

(ಸಾಯಗಾಂವದ ಮಸೀದಿಯಲ್ಲಿ ಮಾಡಿದ ಜುಮಾ ಪ್ರವಚನದ ಬರಹ ರೂಪ)





ಒಂದು ಹದೀಸ್ ಇದೆ. ನಮ್ಮ ಮದ್ರಸದ ಮಕ್ಕಳಿಗೂ ಅದು ಬಾಯಿಪಾಠ. ಒಬ್ಬ ಹೆಂಗಸು ಬೆಕ್ಕೊಂದನ್ನು ಕಟ್ಟಿಹಾಕಿದಳು. ತಾನೂ ತಿನ್ನಲು ಕೊಡಲಿಲ್ಲ, ನೆಲದ ಹುಳಹುಪ್ಪಟೆ ಹಿಡಿದು ತಿನ್ನಲಿ ಎಂದು ಬಿಡಲೂ ಇಲ್ಲ. ಬೆಕ್ಕು ಸತ್ತಿತು. ಆ ಒಂದು ಬೆಕ್ಕಿನ ಕಾರಣಕ್ಕೆ ಅವಳು ನರಕ ಸೇರಿದಳೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಈ ಮಿಂಬರಿನಲ್ಲಿ ನಿಂತು ನಾನು ಎಷ್ಟು ಸಲ ಇದನ್ನು ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗೆಲ್ಲ ಆ ಹೆಂಗಸು ಬೇರೆ ಯಾರೋ, ಬಹಳ ಹಿಂದಿನ ಯಾವುದೋ ಊರಿನ ಕಲ್ಲೆದೆಯವಳು ಎಂದೇ ನನ್ನ ಮನಸ್ಸಿನಲ್ಲಿತ್ತು. ಕಳೆದ ತಿಂಗಳಿನಿಂದ ಹಾಗೆ ಅಂದುಕೊಳ್ಳಲು ನನಗೆ ಆಗುತ್ತಿಲ್ಲ.

ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ. ಗೊತ್ತಿಲ್ಲದವರಿಗೆ ನನ್ನ ಬಾಯಿಂದಲೇ ತಿಳಿಯಲಿ. ನಮ್ಮ ನೆರೆಯ ಒಂದು ಕುಟುಂಬ ಮದುವೆಗೆಂದು ಉದಗೀರಿಗೆ ಹೊರಟಿತು, ನಾಲ್ಕು ದಿನದ ಮಟ್ಟಿಗೆ. ಮನೆಯಲ್ಲಿ ಒಂದು ಹಸಿರು ಗಿಳಿ ಇತ್ತು. ಕೆಲವು ವರ್ಷದ ಹಿಂದೆ ಬಿರುಗಾಳಿಗೆ ಬೇವಿನ ಮರದಿಂದ ಬಿದ್ದ ಮರಿ. ಆ ಮನೆಯ ಹುಡುಗ ಅದನ್ನು ಅಂಗೈಯಲ್ಲಿಟ್ಟುಕೊಂಡು, ನೆನೆಸಿದ ಕಡಲೆ ತಿನ್ನಿಸಿ ಬದುಕಿಸಿದ್ದ. ಎಲ್ಲ ಗಿಳಿಗಳ ಹಾಗೆ ಅದರ ಹೆಸರೂ ಮಿಠ್ಠು. ಅವನ ಹೆಸರನ್ನು ಅದು ಸ್ಪಷ್ಟವಾಗಿ ಕರೆಯುತ್ತಿತ್ತು. ಅವನು ಶಾಲೆಯಿಂದ ಬರುವ ಹೊತ್ತಿಗೆ ಆ ಕೂಗು ನಮ್ಮ ಅಂಗಳದವರೆಗೂ ಕೇಳುತ್ತಿತ್ತು. ಹೊರಡುವ ದಿನ ಮನೆಯ ಯಜಮಾನರು ಬೀಗದ ಕೈ ನನ್ನ ಕೈಗೆ ಕೊಟ್ಟು, ಮೌಲಾನಾ, ದಿನಕ್ಕೊಮ್ಮೆ ಕಾಳು, ನೀರು ಹಾಕಿಬಿಡಿ ಅಂದರು. ಅದೇನು ದೊಡ್ಡ ಕೆಲಸ ಎಂದು ನಾನು ಕೈ ಚಾಚಿದೆ.

ಮೊದಲ ದಿನ ಹೋದೆ. ಎರಡನೆಯ ದಿನ ಬೆಳಿಗ್ಗೆಯೇ ಒಂದು ನಿಕಾಹ್‌ಗೆ ಭಾಲ್ಕಿಗೆ ಹೋಗಬೇಕಾಯಿತು, ಮರಳಿದ್ದು ಇಶಾದ ನಂತರ. ಮೂರನೆಯ ದಿನ ಮದ್ರಸದ ಲೆಕ್ಕ, ಕಮಿಟಿಯ ಸಭೆ. ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಮನೆಯಾಕೆ ಒಗೆಯಲು ಹಾಕುವ ಮುಂಚೆ ಕುರ್ತಾದ ಜೇಬು ತಡವಿ, ಇದು ಯಾರ ಮನೆಯ ಕೀಲಿ ಎಂದು ಕೇಳಿದಳು.

ಮೇ ತಿಂಗಳು. ನಮ್ಮ ಬೀದರ್ ಸೀಮೆಯ ಮೇ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ತಗಡಿನ ಮಾಡು, ಮುಚ್ಚಿದ ಕಿಟಕಿ. ಬಾಗಿಲು ತೆಗೆದಾಗ ಒಳಗಿನ ಸೆಕೆ ಮುಖಕ್ಕೆ ಹೊಡೆಯಿತು. ನೀರಿನ ಬಟ್ಟಲು ಒಣಗಿತ್ತು. ಕಾಳು ಇನ್ನೂ ಒಂದಿಷ್ಟು ಉಳಿದಿತ್ತು. ಗಿಳಿ ಪಂಜರದ ತಳದಲ್ಲಿ ಬಿದ್ದಿತ್ತು.

ಸಹೋದರರೇ, ಆ ಹೆಂಗಸಿಗೆ ಬೆಕ್ಕಿನ ಮೇಲೆ ದ್ವೇಷವಿತ್ತೆಂದು ಹದೀಸ್ ಹೇಳುವುದಿಲ್ಲ. ಹೊಡೆದಳು, ಬಡಿದಳು ಎಂದೂ ಹೇಳುವುದಿಲ್ಲ. ಕಟ್ಟಿದಳು, ಕೊಡಲಿಲ್ಲ, ಬಿಡಲಿಲ್ಲ. ಅಷ್ಟೇ. ಬೀದಿಯ ಬೆಕ್ಕಿಗೆ ನೀವು ಒಂದು ದಿನ ಹಾಲು ಹಾಕದಿದ್ದರೆ ಅದು ಇನ್ನೊಂದು ಮನೆ ನೋಡಿಕೊಳ್ಳುತ್ತದೆ. ಕಟ್ಟಿದ ಮೇಲೆ, ಪಂಜರದಲ್ಲಿಟ್ಟ ಮೇಲೆ, ಬಾಗಿಲಿಗೆ ಬೀಗ ಹಾಕಿದ ಮೇಲೆ ಅದರ ರಿಝ್ಕ್‌ನ ದಾರಿ ನಿಮ್ಮ ಕೈಯೊಂದೇ. ಉಳಿದ ಎಲ್ಲ ದಾರಿಗಳನ್ನು ಮುಚ್ಚಿದವರು ನೀವೇ. ಹದೀಸಿನ ಭಾರವೆಲ್ಲ ಅಲ್ಲಿದೆ. ಮದ್ರಸದಲ್ಲಿ ನನಗೆ ಇದರ ಅರ್ಥ ಕಲಿಸಿದ್ದರು, ನಾನು ಕಲಿತೆ ಅಂದುಕೊಂಡಿದ್ದೆ.

ಮನೆಯವರು ಬಂದರು. ಯಜಮಾನರು ನನ್ನ ಮುಖ ನೋಡಿ, ಹೋಗಲಿ ಬಿಡಿ ಮೌಲಾನಾ, ಹಕ್ಕಿ ತಾನೇ ಅಂದರು. ಅವರದು ದೊಡ್ಡ ಮನಸ್ಸು. ಆದರೆ ಹುಡುಗ ಏನೂ ಹೇಳದೆ ಒಳಗೆ ಹೋದ. ಆ ರಾತ್ರಿ ನನಗೆ ಅಬೂ ಉಮೈರ್‌ನ ನೆನಪಾಯಿತು.

ಅಬೂ ಉಮೈರ್ ಎಂದರೆ ಅನಸ್(ರ) ಅವರ ಪುಟ್ಟ ತಮ್ಮ, ಉಮ್ಮು ಸುಲೈಮ್(ರ) ಅವರ ಮಗ. ಅವನ ಬಳಿ ನುಘೈರ್ ಎಂಬ ಚಿಕ್ಕ ಹಕ್ಕಿ ಇತ್ತು, ಅದರೊಂದಿಗೆ ಆಡುತ್ತಿದ್ದ. ಪ್ರವಾದಿವರ್ಯರು(ಸ) ಆ ಮನೆಗೆ ಬಂದಾಗೆಲ್ಲ ಮಗುವಿನೊಂದಿಗೆ ತಮಾಷೆ ಮಾಡುತ್ತಿದ್ದರು. ಒಂದು ದಿನ ಬಂದಾಗ ಮಗು ಸಪ್ಪಗಿತ್ತು. ಇವನಿಗೇನಾಯಿತು ಎಂದು ವಿಚಾರಿಸಿದರು. ಹಕ್ಕಿ ಸತ್ತಿದೆ ಎಂದರು ಮನೆಯವರು. ಆಗ ಅವರು ಮಗುವಿನ ಬಳಿ ಹೋಗಿ, ಅವನ ಹೆಸರಿಗೂ ಹಕ್ಕಿಯ ಹೆಸರಿಗೂ ಪ್ರಾಸ ಕೂಡುವಂತೆ, ಆ ಹಕ್ಕಿಗೆ ಏನಾಯಿತಪ್ಪಾ ಎಂದು ಕೇಳಿ ಮಾತಾಡಿಸಿದರು. ಮದೀನಾದ ಆಡಳಿತ, ಯುದ್ಧ, ಸಂಧಿ, ವಹ್ಯ್ ಇಷ್ಟೆಲ್ಲ ಹೊತ್ತ ವ್ಯಕ್ತಿ ಒಂದು ಗುಬ್ಬಚ್ಚಿ ಗಾತ್ರದ ಹಕ್ಕಿಯ ಸಾವಿನ ಬಗ್ಗೆ ಒಂದು ಮಗುವನ್ನು ವಿಚಾರಿಸಲು ನಿಂತರು. ಉಲಮಾಗಳು ಈ ಚಿಕ್ಕ ಹದೀಸಿನಿಂದ ಹತ್ತಾರು ಮಸ್‌ಅಲಾಗಳನ್ನು ತೆಗೆದಿದ್ದಾರೆ. ಮಕ್ಕಳು ಹಕ್ಕಿ ಸಾಕಬಹುದು, ಅದಕ್ಕೆ ಹಿಂಸೆಯಾಗಬಾರದು ಎಂಬುದೂ ಅದರಲ್ಲೊಂದು. ಸತ್ತ ಹಕ್ಕಿಗಾಗಿ ಅಳುವ ಮಗುವನ್ನು ನೋಡಿ ನಗಬಾರದು ಎಂಬುದನ್ನು ನಾನು ಸೇರಿಸುತ್ತೇನೆ.

ಮರುದಿನ ಅಸರ್ ಆದ ಮೇಲೆ ಆ ಹುಡುಗನ ಪಕ್ಕ ಹೋಗಿ ಕುಳಿತೆ. ಮರೆತುಬಿಟ್ಟೆನಪ್ಪಾ, ತಪ್ಪು ನನ್ನದು ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಬಾಯಾರಿದಾಗ ಅದು ನನ್ನ ಹೆಸರು ಕರೆದಿರುತ್ತಾ ಎಂದು ಕೇಳಿದ. ಬಿ.ಎ. ಓದಿದ್ದೇನೆ, ಆಲಿಮ್ ಎನಿಸಿಕೊಂಡಿದ್ದೇನೆ. ನನ್ನ ಬಳಿ ಉತ್ತರ ಇರಲಿಲ್ಲ.

ಮರೆವಿನಿಂದ ಆದ ತಪ್ಪಿಗೆ ಅಲ್ಲಾಹನಲ್ಲಿ ಕ್ಷಮೆಯಿದೆ ಎಂದು ನನಗೂ ಗೊತ್ತು. ಆದರೆ ಕೀಲಿ ಕೈಗೆ ತೆಗೆದುಕೊಳ್ಳುವಾಗಲೇ ಅದನ್ನು ಹಗುರವಾಗಿ ತೆಗೆದುಕೊಂಡೆನಲ್ಲ, ಅದು ಮರೆವಲ್ಲ. ಯಾರಾದರೂ ನನ್ನ ಬಳಿ ಹತ್ತು ಸಾವಿರ ರೂಪಾಯಿ ಅಮಾನತ್ ಇಟ್ಟಿದ್ದರೆ ನಾನು ಮರೆಯುತ್ತಿದ್ದೆನೇ? ದಿನಕ್ಕೆರಡು ಸಲ ಪೆಟ್ಟಿಗೆ ಮುಟ್ಟಿ ನೋಡುತ್ತಿದ್ದೆ.

ಪ್ರಾಣಿ ಸಾಕುವುದರಲ್ಲಿ ಸುಖವಿದೆ, ಅದನ್ನು ಯಾರೂ ನಿರಾಕರಿಸಬೇಕಾಗಿಲ್ಲ. ಅನ್ನಹ್ಲ್ ಅಧ್ಯಾಯದಲ್ಲಿ ಅಲ್ಲಾಹನು ಜಾನುವಾರುಗಳ ಉಪಕಾರ ಹೇಳುವಾಗ ಬೆಚ್ಚಗಿನ ಉಣ್ಣೆ, ಆಹಾರ, ಸವಾರಿ ಇಷ್ಟನ್ನೇ ಹೇಳಿ ನಿಲ್ಲಿಸಿಲ್ಲ. ಸಂಜೆ ಅವುಗಳನ್ನು ಮನೆಗೆ ತರುವಾಗ, ಬೆಳಿಗ್ಗೆ ಮೇಯಲು ಬಿಡುವಾಗ ನಿಮಗೆ ಅದರಲ್ಲಿ ಚೆಲುವಿದೆ ಎಂದೂ ನೆನಪಿಸುತ್ತಾನೆ. ಕಪ್ಪು ಬಿಳುಪಿನ ನಮ್ಮ ದೇವಣಿ ಹಸುಗಳು ಸಂಜೆ ಧೂಳೆಬ್ಬಿಸಿಕೊಂಡು ಊರೊಳಗೆ ಬರುವುದನ್ನು ನೋಡಿದವರಿಗೆ ಈ ಆಯತ್‌ನ ತಫ್ಸೀರ್ ಬೇಡ. ಇನ್ನು ಅಬೂ ಹುರೈರಾ(ರ) ಅವರ ಹೆಸರಿನ ಅರ್ಥವೇ ಬೆಕ್ಕಿನ ಮರಿಯ ಅಪ್ಪ. ಮನೆಯವರ ಕುರಿ ಮೇಯಿಸುವಾಗ ಅವರ ಬಳಿ ಒಂದು ಪುಟ್ಟ ಬೆಕ್ಕಿತ್ತು. ರಾತ್ರಿ ಅದನ್ನು ಮರದಲ್ಲಿ ಇಟ್ಟು, ಹಗಲು ಜೊತೆಗೆ ಕರೆದೊಯ್ದು ಆಡುತ್ತಿದ್ದರಂತೆ. ತಿರ್ಮಿದಿಯಲ್ಲಿ ಇದೆ. ಬೆಕ್ಕನ್ನು ಕಟ್ಟಿ ಕೊಂದ ಹೆಂಗಸಿನ ಹದೀಸನ್ನು ನಮಗೆ ತಲುಪಿಸಿದವರಲ್ಲಿ ಇವರೂ ಒಬ್ಬರು. ಅದನ್ನು ಹೇಳುವಾಗ ಅವರ ಮನಸ್ಸಿನಲ್ಲಿ ಯಾವ ಬೆಕ್ಕು ಸುಳಿದಿರಬಹುದು ಎಂದು ಈಗೀಗ ಯೋಚಿಸುತ್ತೇನೆ.

ಬೆಕ್ಕಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಮಸೀದಿಗೆ ಬರುವ ಬೆಕ್ಕನ್ನು ಕೋಲಿನಿಂದ ಓಡಿಸುವ ಹಿರಿಯರು ಈ ಸಾಲಿನಲ್ಲೇ ಇದ್ದಾರೆ, ಕ್ಷಮಿಸಿ. ಅಬೂ ಕತಾದಾ(ರ) ಅವರಿಗೆ ಸೊಸೆ ವುಝೂಗೆ ನೀರು ಇಟ್ಟರು. ಬೆಕ್ಕು ಬಂದು ಬಾಯಿ ಹಾಕಿತು. ಅವರು ಪಾತ್ರೆಯನ್ನು ಅದಕ್ಕೆ ಅನುಕೂಲವಾಗುವಂತೆ ಬಾಗಿಸಿ ಹಿಡಿದರು. ಸೊಸೆ ಬೆರಗಾಗಿ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಸುತ್ತಾಡುವ ಮನೆಯ ಜೀವ ಎಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ತಿಳಿಸಿದರು. ಹಾಗಿರುವಾಗ ಮರಿಗಳು ಹೆಚ್ಚಾದವೆಂದು ಚೀಲದಲ್ಲಿ ಕಟ್ಟಿ ಮಾಂಜ್ರಾದ ಆಚೆ ಬಿಟ್ಟು ಬರುವವರಿಗೆ ಏನು ಹೇಳಲಿ? ಕಣ್ಣು ಬಿಡದ ಮರಿಗೆ ಅದು ಬಿಡುಗಡೆಯಲ್ಲ. ಸಂತಾನ ಹೆಚ್ಚುವುದು ಕಷ್ಟವೇ ಹೌದು. ಪ್ರಯೋಜನವಿದ್ದಾಗ ಪ್ರಾಣಿಗಳ ಬೀಜ ಒಡೆಸುವುದಕ್ಕೆ ನಮ್ಮ ಹನಫೀ ಗ್ರಂಥಗಳಲ್ಲಿ ಅನುಮತಿ ಇದೆ. ಅದನ್ನು ಪಶುವೈದ್ಯರ ಕೈಯಿಂದ, ನೋವಾಗದ ಹಾಗೆ ಮಾಡಿಸಿ. ಬೀದರಿನ ನಂದಿನಗರದಲ್ಲಿ ಪಶು ವಿಶ್ವವಿದ್ಯಾಲಯವೇ ಇದೆ, ಇಡೀ ರಾಜ್ಯದ ಮಕ್ಕಳು ಕಲಿಯಲು ಅಲ್ಲಿಗೆ ಬರುತ್ತಾರೆ. ನಮಗೆ ಮಾತ್ರ ಅದು ಎಮ್ಮೆ ಕಾಯಿಲೆ ಬಿದ್ದಾಗಷ್ಟೇ ನೆನಪಾಗುತ್ತದೆ. ದೂರ ಹೋಗಲಾಗದವರು 1962ಕ್ಕೆ ಫೋನ್ ಮಾಡಿ. ಅದು ಸರಕಾರದ ಸಂಚಾರಿ ಪಶು ಚಿಕಿತ್ಸಾ ವಾಹನದ ಸಂಖ್ಯೆ.

ನಾಯಿಯ ಬಗ್ಗೆ ಯುವಕರು ಪದೇ ಪದೇ ಕೇಳುತ್ತಾರೆ. ಬೇಟೆ, ಜಾನುವಾರು ಮತ್ತು ಹೊಲದ ಕಾವಲಿಗೆ ನಾಯಿ ಸಾಕಲು ಹದೀಸಿನಲ್ಲಿ ಸ್ಪಷ್ಟ ಅನುಮತಿ ಇದೆ. ಕಾರಣವಿಲ್ಲದೆ ಸಾಕಿದರೆ ಪುಣ್ಯ ಕಡಿಮೆಯಾಗುತ್ತದೆ ಎಂಬ ಎಚ್ಚರಿಕೆಯೂ ಇದೆ. ತೊಗರಿ, ಕಬ್ಬಿನ ಹೊಲದಲ್ಲಿ ಕಾಡುಹಂದಿ ಕಾಯುವ ನಾಯಿ ಮೊದಲನೆಯ ಗುಂಪಿನದು. ಫೋಟೋಕ್ಕಾಗಿ ತಂದು, ಆರು ತಿಂಗಳಿಗೆ ಬೇಸರವಾಗಿ ಹೆದ್ದಾರಿಯಲ್ಲಿ ಬಿಡುವ ನಾಯಿ ಯಾವ ಗುಂಪಿನದೆಂದು ನೀವೇ ಹೇಳಿ. ಆದರೆ ಸಾಕಬಾರದು ಎಂಬುದಕ್ಕೂ ಕಲ್ಲು ಹೊಡೆಯಬಹುದು ಎಂಬುದಕ್ಕೂ ಯಾವ ಸಂಬಂಧವೂ ಇಲ್ಲ. ಮದ್ರಸ ಬಿಟ್ಟ ಮೇಲೆ ಆ ಗೋಡೆಯ ಹಿಂದೆ ನಡೆಯುವುದನ್ನು ನಾನು ಕಂಡಿದ್ದೇನೆ ಮಕ್ಕಳೇ. ಬಾಯಾರಿ ಕೆಸರು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ಬೂಟಿನಲ್ಲಿ ನೀರು ತುಂಬಿ ಹಲ್ಲಿನಿಂದ ಕಚ್ಚಿಕೊಂಡು ಹತ್ತಿ ಬಂದು ಕುಡಿಸಿದವನ ಪಾಪವನ್ನು ಅಲ್ಲಾಹನು ಕ್ಷಮಿಸಿದ. ಅದು ಯಾರೂ ಸಾಕದ, ಯಾರ ಹೆಸರೂ ಇಲ್ಲದ ನಾಯಿ.

ಸಾಕುವವರು ರೇಬಿಸ್ ಲಸಿಕೆ ಹಾಕಿಸಲೇಬೇಕು, ನಾಯಿಗೂ ಬೆಕ್ಕಿಗೂ. ನಿಮ್ಮ ಪ್ರಾಣಿ ನೆರೆಯವನ ಮಗುವಿಗೆ ಕಚ್ಚಿದರೆ ಅದು ಹುಕೂಕುಲ್ ಇಬಾದ್‌ನ ವಿಷಯ. ಯಾರಿಗಾದರೂ ಕಚ್ಚಿದರೆ, ಪರಚಿದರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಖಾರದಪುಡಿ, ಸುಣ್ಣ ಬೇಡ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ಅಷ್ಟೂ ಸೂಜಿ ಹಾಕಿಸಿಕೊಳ್ಳಿ. ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕಿಸುವ ಮದ್ದಿಲ್ಲ. ತಾವೀಝ್‌ಗಾಗಿ ನನ್ನ ಬಳಿ ಬಂದು ಹೊತ್ತು ಕಳೆಯಬೇಡಿ. ದುಆ ನೀವು ಬಸ್ಸಿನಲ್ಲಿರುವಾಗಲೂ ನಾನು ಇಲ್ಲಿಂದ ಮಾಡಬಲ್ಲೆ.

ಪ್ರಾಣಿಯ ಖರ್ಚು ಯಜಮಾನನ ಔದಾರ್ಯವಲ್ಲ, ಅವನ ಮೇಲಿನ ಹಕ್ಕು. ಹಿಜ್‌ರಿ 660ರಲ್ಲಿ ತೀರಿಕೊಂಡ ಇಮಾಮ್ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್ ಪ್ರಾಣಿಗಳಿಗೆ ಮನುಷ್ಯನ ಮೇಲಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಮುದಿಯಾಗಿ, ಕಾಯಿಲೆ ಬಿದ್ದು ಯಾವ ಲಾಭವೂ ಸಿಗದಿದ್ದರೂ ಅದಕ್ಕೆ ಮೇವು ಕೊಡಬೇಕು ಎಂಬುದು ಅದರಲ್ಲಿದೆ. ಮದೀನಾದ ಒಂದು ತೋಟದಲ್ಲಿ ಒಂಟೆಯೊಂದು ಪ್ರವಾದಿವರ್ಯರನ್ನು(ಸ) ಕಂಡು ಕಣ್ಣೀರಿಟ್ಟಿತು. ಅವರು ಅದರ ಕಿವಿಯ ಹಿಂಭಾಗ ಸವರಿ ಸಮಾಧಾನಪಡಿಸಿ ಒಡೆಯನನ್ನು ಕರೆಸಿದರು. ಅಲ್ಲಾಹನು ನಿನ್ನ ವಶಕ್ಕೆ ಕೊಟ್ಟ ಈ ಮೂಕಜೀವದ ವಿಷಯದಲ್ಲಿ ಅವನನ್ನು ಭಯಪಡುವುದಿಲ್ಲವೇ, ಉಪವಾಸ ಕೆಡವಿ ದುಡಿಸುತ್ತೀಯೆಂದು ಇದು ದೂರುತ್ತಿದೆ ಎಂದರು. ಬಕ್ರೀದ್‌ಗೆ ಒಂದು ತಿಂಗಳ ಮುಂಚೆ ಮನೆಗೆ ಬರುವ ಆಡಿಗೂ ಈ ಮಾತು ಸಲ್ಲುತ್ತದೆ. ಅದನ್ನು ಬಿಸಿಲಿನಲ್ಲಿ ಕಟ್ಟಿ, ಮಕ್ಕಳ ಕೈಗೆ ಆಟಿಕೆಯ ಹಾಗೆ ಕೊಡಬೇಡಿ.

ಗಿಳಿಯ ವಿಷಯದಲ್ಲಿ ಇನ್ನೊಂದು ಮಾತು. ನಮ್ಮ ನಾಡಿನ ಹಸಿರು ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಎಷ್ಟು ಮನೆಯ ಜಗಲಿಯಲ್ಲಿ ಮಿಠ್ಠುಗಳಿವೆಯೋ! ನನಗೂ ಇದು ತಡವಾಗಿ ತಿಳಿಯಿತು. ಬಿದ್ದ ಮರಿ ಸಿಕ್ಕಿದರೆ ಅರಣ್ಯ ಇಲಾಖೆಯವರಿಗೆ ಒಪ್ಪಿಸಿ. ಈಗಾಗಲೇ ಸಾಕಿದವರು ಏಕಾಏಕಿ ಪಂಜರ ತೆರೆದು ಹಾರಿಸಬೇಡಿ. ಕೈಯಿಂದ ತಿಂದು ಬೆಳೆದ ಹಕ್ಕಿಗೆ ಹೊರಗೆ ಬದುಕಲು ಬರುವುದಿಲ್ಲ. ಇಲಾಖೆಯವರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಿ. ಪಾರಿವಾಳ, ಕೋಳಿ ಸಾಕುವವರಿಗೆ ಈ ತೊಡಕಿಲ್ಲ. ಆದರೆ ಬೇಸಿಗೆಯಲ್ಲಿ ಗೂಡಿಗೆ ನೆರಳು ಬೇಕು, ಬಟ್ಟಲಿನ ನೀರು ದಿನಕ್ಕೆರಡು ಸಲ ಬದಲಾಗಬೇಕು.

ಈಗ ಮದುವೆಗಳ ಕಾಲ. ದುಡಿಮೆಗಾಗಿ ಹೈದರಾಬಾದ್, ಪುಣೆಗೆ ಹೋಗುವ ಮನೆಗಳೂ ಬಹಳ. ಬೀಗ ಹಾಕುವ ಮುಂಚೆ ಮನೆಯಲ್ಲಿರುವ ಕೋಳಿ, ಬೆಕ್ಕು, ಆಡು ಯಾರ ಪಾಲಿಗೆಂದು ಗೊತ್ತು ಮಾಡಿ. ವುಝೂ ಜಾಗದ ಪಕ್ಕದ ಗೋಡೆಗೆ ಒಂದು ದೊಡ್ಡ ಕಾಗದ ಅಂಟಿಸಿದ್ದೇವೆ. ಊರಿಗೆ ಹೋಗುವವರು ಮನೆಯ ಗುರುತು, ಪ್ರಾಣಿ ಯಾವುದು, ಏನು ತಿನ್ನುತ್ತದೆ ಎಂದು ಬರೆಯಿರಿ. ಒಬ್ಬರಿಗಲ್ಲ, ಇಬ್ಬರಿಗೆ ಕೀಲಿ ಕೊಡಿ. ಹೋಗಿ ಬಂದವರು ಪ್ರತಿದಿನ ಅಲ್ಲಿ ಗುರುತು ಹಾಕಬೇಕು. ಅಸರ್‌ಗೆ ಬಂದವರು ಆ ದಿನದ ಗುರುತು ಖಾಲಿ ಇದ್ದರೆ ನನ್ನನ್ನು ಎಲ್ಲರ ಮುಂದೆಯೇ ಕೇಳಿ, ನಾನು ಬೇಸರಪಡುವುದಿಲ್ಲ. ಹಿಂದಿನ ಗೋಡೆಯ ಬಳಿ ಎರಡು ಮಣ್ಣಿನ ಬಟ್ಟಲು ಇಟ್ಟಿದ್ದೇವೆ, ಒಂದು ಎತ್ತರದಲ್ಲಿ ಹಕ್ಕಿಗಳಿಗೆ, ಒಂದು ನೆಲದ ಮೇಲೆ ನಾಯಿ ಬೆಕ್ಕುಗಳಿಗೆ. ನೀರು ತುಂಬುವ ಕೆಲಸ ಆ ಹುಡುಗ ತಾನಾಗಿಯೇ ಕೇಳಿ ತೆಗೆದುಕೊಂಡಿದ್ದಾನೆ. ಶುಕ್ರವಾರದ ಸರದಿ ಮಾತ್ರ ನನ್ನದು. ಇಂದು ಫಜರ್ ಆದ ಮೇಲೆ ಹೋದಾಗ ಅವನು ನನಗಿಂತ ಮುಂಚೆ ಅಲ್ಲಿ ನಿಂತಿದ್ದ, ನಾನು ನಿಜವಾಗಿ ಬರುತ್ತೇನೋ ಇಲ್ಲವೋ ನೋಡಲು.