ಮಾಯದ ಹುಣ್ಣು



ಬೆಂಗಳೂರಿನ ಉತ್ತರಕ್ಕೆ, ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ, ಕೊಡಿಗೇಹಳ್ಳಿಯೆಂಬ ಊರಿರುವುದು. ಹಿಂದೆ ರಾಗಿಯ ಹೊಲಗಳಿದ್ದ ಹಳ್ಳಿ. ಈಗ ನಗರವೇ ಬಂದು ಅದನ್ನು ಸುತ್ತುಗಟ್ಟಿದೆ. ಅಲ್ಲಿ ನಮ್ಮ ಸೋದರತ್ತೆಯವರ ಮನೆ. ಅವರು ಮದುವೆಯಾಗಿ ಬಂದ ಹೊಸತರಲ್ಲಿ ಸೌದೆಯೊಲೆಯ ಮುಂದೆ ಸೆರಗಿಗೆ ಬೆಂಕಿ ತಗುಲಿ ಎಡಗೈ ಬೆಂದಿತ್ತು. ಗಾಯ ಮಾಯಿತು, ಕಲೆ ಉಳಿಯಿತು. ನಲವತ್ತು ವರ್ಷಗಳಾದ ಮೇಲೆ ಆ ಕಲೆಯ ನಡುವೆ ಕಾಸಿನಗಲದ ಹುಣ್ಣೊಂದು ಎದ್ದಿತು. ಕೇಳಿದರೆ, “ಹಳೇ ಕಲೆ ಕಣೋ, ಕೆರೆದುಕೊಂಡೆ, ಅಷ್ಟೆ. ಅರಿಸಿನ ಹಚ್ಚಿದೀನಿ” ಎಂದರು. ನಾವೂ ಸುಮ್ಮನಾದೆವು. ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ನಮ್ಮ ಮುಂದಿತ್ತು. ಅದಕ್ಕಿಂತ ಹೆಚ್ಚಾಗಿ, ಚರ್ಮದ ಕ್ಯಾನ್ಸರು ಬಿಳಿಯ ಜನರ ರೋಗವೆಂಬ ನಂಬಿಕೆ ನಮ್ಮ ತಲೆಯಲ್ಲಿ ಭದ್ರವಾಗಿ ಕುಳಿತಿತ್ತು. ಎಂಟು ತಿಂಗಳು ಹೀಗೆ ಕಳೆದುವು.

ಈ ನಂಬಿಕೆ ನಮಗೆ ಬಂದುದು ಇಂಗ್ಲಿಷ್ ಪುಸ್ತಕಗಳಿಂದ. ಅವುಗಳಲ್ಲಿ ಕಂಡ ಚಿತ್ರಗಳೆಲ್ಲ ಕಡಲ ತೀರದಲ್ಲಿ ಬಿಸಿಲು ಕಾಯಿಸುವ ಬಿಳಿಯ ಬೆನ್ನುಗಳವು. ಅದು ಪೂರ್ತಿ ಸುಳ್ಳೆನ್ನುವಂತೆಯೂ ಇಲ್ಲ. ನಮ್ಮ ಚರ್ಮದ ಮೆಲನಿನ್ ಎಂಬ ವರ್ಣದ್ರವ್ಯವು ಸೂರ್ಯನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದು. ಹುಟ್ಟಿನಿಂದಲೇ ಈ ದ್ರವ್ಯವಿಲ್ಲದವರು ಮಾತ್ರ ನಮ್ಮ ನಾಡಿನಲ್ಲಿಯೂ ಬಿಸಿಲಿಗೆ ಬಹಳವಾಗಿ ಅಂಜಬೇಕು. ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ರೋಗಿಗಳ ಲೆಕ್ಕವಿಡುತ್ತ ಬಂದಿದ್ದಾರೆ. ಅದರಲ್ಲಿ ಚರ್ಮದ ಪಾಲು ಅಲ್ಪವೇ. ಅಲ್ಪವೆಂದರೆ ಇಲ್ಲವೆಂದೇ ನಾವು ಓದಿಕೊಂಡೆವು!

ಬಿಸಿಲು ಮಾಡದ ಕೆಲಸವನ್ನು ನಮ್ಮಲ್ಲಿ ಬೆಂಕಿಯೂ ಒರಸಾಟವೂ ಮಾಡುತ್ತವೆ. ಸುಟ್ಟ ಕಲೆಯಲ್ಲಿ ಹತ್ತಾರು ವರ್ಷಗಳ ನಂತರ ಏಳುವ ಹುಣ್ಣಿಗೆ ವೈದ್ಯರು ಮಾರ್ಜೊಲಿನ್ ಎಂಬ ಫ್ರೆಂಚ್ ವೈದ್ಯನ ಹೆಸರನ್ನಿಟ್ಟಿದ್ದಾರೆ. ಕಾಶ್ಮೀರದಲ್ಲಿ ಚಳಿಗೆ ಕೆಂಡದ ಕಾಂಗ್ರಿಯನ್ನು ಮೈಗೊತ್ತಿ ಹಿಡಿಯುವವರ ಹೊಟ್ಟೆ ತೊಡೆಗಳಲ್ಲಿ ಕ್ಯಾನ್ಸರು ಕಾಣಿಸಿಕೊಳ್ಳುವುದು. ಮುಂಬಯಿಯ ಡಾಕ್ಟರ್ ಖಾನೋಲ್ಕರರು 1945ರಲ್ಲಿ, ಪಂಚೆಯನ್ನು ಬಿಗಿದುಟ್ಟ ಸೊಂಟದಲ್ಲಿ ಹುಟ್ಟುವ ಕ್ಯಾನ್ಸರನ್ನು ವರ್ಣಿಸಿದರು. ಲಂಗದ ಲಾಡಿ ಒತ್ತುವ ಜಾಗದಲ್ಲಿಯೂ ಅಂಥದೇ ಹುಣ್ಣಾಗುವುದನ್ನು ವೈದ್ಯರು ಕಂಡಿದ್ದಾರೆ.

ಇವೆಲ್ಲಕ್ಕಿಂತ ಕ್ರೂರವಾದದ್ದು ಮೆಲನೋಮ. ಕಪ್ಪು ಚರ್ಮದವರಲ್ಲಿ ಇದು ಅಂಗಾಲು, ಅಂಗೈ, ಉಗುರಿನ ಅಡಿ, ಇಂಥ ಕಡೆಗಳನ್ನು ಹೆಚ್ಚಾಗಿ ಆರಿಸಿಕೊಳ್ಳುವುದು. ಜಮೈಕಾದ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನಡಿಯಲ್ಲಿ 1977ರಲ್ಲಿ ಇದು ಪತ್ತೆಯಾಯಿತು. 1981ರಲ್ಲಿ, ಇನ್ನೂ ಮೂವತ್ತಾರರ ವಯಸ್ಸಿನಲ್ಲಿ, ಆತನು ತೀರಿಕೊಂಡನು. ಹೊಲದಲ್ಲಿ ಬರಿಗಾಲಲ್ಲಿ ನಡೆದವರು ಅಂಗಾಲಿನ ಕಪ್ಪು ಮಚ್ಚೆಯನ್ನು ಮುಳ್ಳು ಚುಚ್ಚಿದ ಗುರುತೆಂದು ಬಗೆಯುವುದರಲ್ಲಿ ಆಶ್ಚರ್ಯವೇನು?

ನೋಡಿಕೊಳ್ಳುವ ಕ್ರಮ ಬಲು ಸುಲಭ. ತಿಂಗಳಿಗೊಮ್ಮೆ ಎಣ್ಣೆಸ್ನಾನದ ದಿನ, ಬೆಳಕಿರುವ ಕಡೆ ಕುಳಿತು, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಬೆರಳ ಸಂದುಗಳನ್ನೂ ಬಿಡಬಾರದು. ಬೆನ್ನನ್ನು ಮನೆಯವರು ನೋಡಲಿ. ಉಗುರಿಗೆ ಗೋರಂಟಿಯ ಬಣ್ಣವಿದ್ದರೆ ಅದು ಬೆಳೆದು ಹೋದ ಮೇಲೆ ನೋಡತಕ್ಕದ್ದು. ಹಲವು ಉಗುರುಗಳಲ್ಲಿ ಕಂದುಗೆರೆಗಳಿರುವುದು ನಮ್ಮ ಜನರಲ್ಲಿ ಸಾಮಾನ್ಯ. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ, ಅಗಲವಾಗುತ್ತ, ಪಕ್ಕದ ಚರ್ಮಕ್ಕೂ ಹರಿಯುವ ಗೆರೆಯನ್ನು ವೈದ್ಯರಿಗೆ ತೋರಿಸಬೇಕು. ಅಂಚು ಅಡ್ಡಾದಿಡ್ಡಿಯಾದ, ಬಣ್ಣ ಬದಲಾಗುವ ಮಚ್ಚೆಯನ್ನೂ, ಮೂಗಿನ ಪಕ್ಕದಲ್ಲಿ ಹೊಳೆಯುತ್ತ ಮೆಲ್ಲನೆ ಬೆಳೆಯುವ ಕಪ್ಪು ಗುಳ್ಳೆಯನ್ನೂ ಹಾಗೆಯೇ ತೋರಿಸಬೇಕು. ತಿಂಗಳಾದರೂ ಮಾಯದ ಹುಣ್ಣು ಎಲ್ಲಿದ್ದರೂ ಸರಿಯೆ, ಅರಿಸಿನದ ಪಾಲಿಗೆ ಬಿಡತಕ್ಕದ್ದಲ್ಲ.

ನಮ್ಮ ಅತ್ತೆಯವರನ್ನು ಕಡೆಗೆ ಆಸ್ಪತ್ರೆಗೆ ಒಯ್ದೆವು. ವೈದ್ಯರು ಬಯಾಪ್ಸಿ ಎಂದ ಕೂಡಲೆ ಅವರು ಕೈ ಹಿಂದಕ್ಕೆಳೆದುಕೊಂಡರು. ಕತ್ತಿ ಸೋಕಿದರೆ ಹುಣ್ಣು ಕೆರಳಿ ಮೈಗೆಲ್ಲ ಹರಡುವುದೆಂಬ ಭಯ ಅವರೊಬ್ಬರದೇ ಅಲ್ಲ. ಓದಿದವರ ಮನೆಗಳಲ್ಲಿಯೂ ನಾವು ಈ ಮಾತನ್ನು ಕೇಳಿದ್ದೇವೆ. ಆ ಜಾಗವನ್ನು ಸೂಜಿಯಿಂದ ಮರವುಗೊಳಿಸಿ, ಕಾಳಿನಷ್ಟು ತುಣುಕನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದೇ ಬಯಾಪ್ಸಿ. ಅದರಿಂದ ರೋಗ ಹರಡುವುದಿಲ್ಲ. ಅದಿಲ್ಲದೆ ರೋಗದ ಜಾತಿ ನಿಶ್ಚಯವಾಗುವುದಿಲ್ಲ.

ಮೊದಲ ತಿಂಗಳಲ್ಲೇ ಹೋಗಿದ್ದರೆ ಪ್ರಾಯಶಃ ಹುಣ್ಣನ್ನೂ ಸುತ್ತಲಿನ ಅಂಚನ್ನೂ ಕತ್ತರಿಸಿ ತೆಗೆಯುವುದರಲ್ಲೇ ಮುಗಿಯುತ್ತಿತ್ತು. ನಾವು ಹೋಗುವ ವೇಳೆಗೆ ಕಂಕುಳಿನಲ್ಲಿ ಗಂಟು ಸಿಕ್ಕಿತು. ಹುಣ್ಣನ್ನು ತೆಗೆದು ತೊಡೆಯ ಚರ್ಮವನ್ನು ಅಲ್ಲಿಗೆ ಕಸಿ ಮಾಡಿದರು. ಕಂಕುಳಿನ ಗ್ರಂಥಿಗಳನ್ನು ತೆಗೆದರು. ಅನಂತರ ವಾರಗಟ್ಟಲೆ ವಿಕಿರಣ ಚಿಕಿತ್ಸೆ ನಡೆಯಿತು. ಮೆಲನೋಮ ಹರಡಿದವರಿಗೆ, ದೇಹದ ರಕ್ಷಣಾಶಕ್ತಿಯನ್ನೇ ಎಬ್ಬಿಸುವ ಔಷಧಗಳು 2011ರಿಂದೀಚೆಗೆ ಬಳಕೆಗೆ ಬಂದಿವೆ. ಬೆಲೆ ಮಾತ್ರ ಬಡವರ ಕೈಗೆಟುಕುವಂಥದಲ್ಲ.

ಕೊಡಿಗೇಹಳ್ಳಿಯ ಕಡೆಯವರಿಗೆ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆ ಊರಿನ ಇನ್ನೊಂದು ತುದಿ. ಮೊದಲು ಹತ್ತಿರದ ಚರ್ಮವೈದ್ಯರಿಗೆ ತೋರಿಸಿದರೂ ಆದೀತು. ಬಯಾಪ್ಸಿಯಾದರೆ ವರದಿಯನ್ನೂ ಗಾಜಿನ ಪಟ್ಟಿಯನ್ನೂ ಕೇಳಿ ಪಡೆದಿಟ್ಟುಕೊಳ್ಳಿ. ದೊಡ್ಡ ಆಸ್ಪತ್ರೆಯವರು ಅದನ್ನೇ ಮೊದಲು ಕೇಳುವರು.

ಅತ್ತೆಯವರ ಎಡಗೈ ಈಗ ಕೊಂಚ ಊದಿಕೊಂಡೇ ಇರುವುದು. ಆ ಕೈಯಲ್ಲಿ ಬಿಂದಿಗೆ ಎತ್ತಲಾರರು. ಮೊನ್ನೆ ಹೋಗಿದ್ದಾಗ ನಮ್ಮನ್ನು ಜಗಲಿಯ ಮೇಲೆ ಕೂರಿಸಿ, “ಎಲ್ಲಿ, ಕಾಲು ಚಾಚು ನೋಡೋಣ” ಎಂದರು.