ರೆಕ್ಕೆಯ ಎಚ್ಚರಿಕೆಯ ಗಂಟೆ



ತನ್ನ ಮನೆಯ ಕೊಟ್ಟಿಗೆಯಲ್ಲಿಯೇ ಸಣ್ಣ ವಿಮಾನವೊಂದನ್ನು ಕಟ್ಟಿ, ಅದರಲ್ಲಿ ತಾನೇ ಕುಳಿತು ಹಾರುವ ಗೃಹಸ್ಥನು ನಮ್ಮಲ್ಲಿ ಅಪೂರ್ವ. ಅಮೆರಿಕದಲ್ಲಿ ಅಂಥವರು ಸಹಸ್ರಾರು ಮಂದಿ ಇದ್ದಾರೆ. ಪಾಲ್ ಪೊಬೆರೆಜ್ನಿ ಎಂಬಾತನು 1953ರಲ್ಲಿ ಮಿಲ್ವಾಕಿ ನಗರದಲ್ಲಿ ಇವರಿಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ಹೀಗೆ ಕಟ್ಟಿದ ವಿಮಾನದ ಒಂದು ಅತ್ಯಲ್ಪವಾದ ಅಂಗವನ್ನು ಕುರಿತು ಈ ದಿನ ನಾವು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಅಂಗ ಅಲ್ಪವಾದರೂ ಅದರ ಮೇಲೆ ಒಂದು ಪ್ರಾಣ ನಿಂತಿರುತ್ತದೆ.

ರೆಕ್ಕೆಯು ವಿಮಾನವನ್ನು ಎತ್ತಿ ಹಿಡಿಯುವುದು, ಗಾಳಿಯು ಅದರ ಮೇಲ್ಮೈಗೆ ಅಂಟಿಕೊಂಡು ಹರಿಯುವವರೆಗೆ ಮಾತ್ರ. ವೇಗ ಕುಗ್ಗಿದಂತೆಲ್ಲ ಚಾಲಕನು ವಿಮಾನದ ಮೂತಿಯನ್ನು ಮೇಲೆತ್ತುತ್ತಾನೆ. ರೆಕ್ಕೆಯು ಗಾಳಿಗೆ ಹೆಚ್ಚು ಹೆಚ್ಚು ಓರೆಯಾಗುತ್ತದೆ. ಈ ಓರೆಯು ಸಾಮಾನ್ಯವಾಗಿ 15 ಅಂಶಗಳ ಆಸುಪಾಸನ್ನು ಮೀರಿತೆಂದರೆ, ಗಾಳಿಯು ಮೇಲ್ಮೈಯಿಂದ ಕಿತ್ತುಕೊಂಡು ಸುಳಿಸುಳಿಯಾಗುತ್ತದೆ. ಎತ್ತುವ ಬಲವು ಕುಸಿಯುತ್ತದೆ. ಇದನ್ನೇ ಸ್ಟಾಲ್ ಎನ್ನುತ್ತಾರೆ. ನಾವು ರೆಕ್ಕೆಯ ಸೋಲು ಎನ್ನೋಣ. ಜರ್ಮನಿಯ ಓಟೋ ಲಿಲಿಯೆಂತಾಲನು 1896ರಲ್ಲಿ ಪ್ರಾಣ ನೀಗಿದ್ದು ಈ ಸೋಲಿನಿಂದಲೇ. ಎತ್ತರದಲ್ಲಿದ್ದಾಗ ಇದಾದರೆ ಮೂತಿಯನ್ನು ತಗ್ಗಿಸಿ ಸರಿಪಡಿಸಿಕೊಳ್ಳಬಹುದು. ಇಳಿಯುವ ಸಮಯದಲ್ಲಿ, ಮರಗಳ ತುದಿಯ ಮಟ್ಟದಲ್ಲಿ ಆದರೆ, ಸರಿಪಡಿಸಿಕೊಳ್ಳಲು ಅವಕಾಶವೆಲ್ಲಿ?

ಆದುದರಿಂದ ಸೋಲಿಗೆ ಮುನ್ನವೇ ಕೂಗಿ ಹೇಳುವ ಸಾಧನವೊಂದು ಬೇಕಾಯಿತು. ಲಿಯೊನಾರ್ಡ್ ಗ್ರೀನ್ ಎಂಬ ಅಮೆರಿಕದ ಸಂಶೋಧಕನು 1946ರಲ್ಲಿ ಸ್ಥಾಪಿಸಿದ ಸಂಸ್ಥೆಯು ಇಂಥದೊಂದನ್ನು ಬಳಕೆಗೆ ತಂದಿತು. ಅದರ ಯುಕ್ತಿ ಸರಳವಾದುದು. ಎದುರು ಬರುವ ಗಾಳಿಯು ರೆಕ್ಕೆಯ ಮುಂದಿನ ಅಂಚಿನಲ್ಲಿ ಎರಡಾಗಿ ಸೀಳಿ, ಒಂದು ಪಾಲು ಮೇಲಕ್ಕೂ ಇನ್ನೊಂದು ಪಾಲು ಕೆಳಕ್ಕೂ ಹರಿಯುತ್ತದೆ. ಈ ಕವಲೊಡೆಯುವ ಸ್ಥಳವು ರೆಕ್ಕೆಯ ಓರೆ ಹೆಚ್ಚಿದಷ್ಟೂ ಕೆಳಬದಿಗೆ ಸರಿಯುತ್ತದೆ. ಅಂಚಿನಲ್ಲಿ ಬೆರಳಿನ ಉಗುರಿನಷ್ಟಿರುವ ಒಂದು ಲೋಹದ ನಾಲಗೆಯನ್ನು ಇಟ್ಟರೆ, ಸಾಮಾನ್ಯ ಹಾರಾಟದಲ್ಲಿ ಕೆಳಗೆ ಹರಿಯುವ ಗಾಳಿಯು ಅದನ್ನು ಅದುಮಿ ಹಿಡಿದಿರುತ್ತದೆ. ಕವಲು ಅದರ ಕೆಳಕ್ಕೆ ಸರಿದ ಕೂಡಲೇ ಮೇಲೆ ಹರಿಯುವ ಗಾಳಿಯು ಅದನ್ನು ಎತ್ತಿಬಿಡುತ್ತದೆ. ಸ್ವಿಚ್ಚು ಕೂಡಿ ಗಂಟೆ ಮೊಳಗುತ್ತದೆ.

ಇದು ಅಳೆಯುವುದು ವೇಗವನ್ನಲ್ಲ, ಓರೆಯನ್ನು. ಇದರ ಹಿರಿಮೆ ಇರುವುದು ಇಲ್ಲಿಯೇ. ನೇರ ಹಾರಾಟದಲ್ಲಿ 45 ನಾಟ್ ವೇಗಕ್ಕೆ ಸೋಲುವ ರೆಕ್ಕೆಯು, ಮಟ್ಟ ತಪ್ಪದೆ 60 ಅಂಶ ವಾಲಿ ತಿರುಗುವಾಗ ಸುಮಾರು 64 ನಾಟ್ ವೇಗಕ್ಕೇ ಸೋಲುತ್ತದೆ. ಇದನ್ನು ವೇಗಮಾಪಕವು ಹೇಳದು, ನಾಲಗೆಯು ಹೇಳುತ್ತದೆ.

ಹಾಗಾದರೆ ಈ ನಾಲಗೆಯನ್ನು ಕೂರಿಸುವುದೆಲ್ಲಿ? ನಕ್ಷೆಯಲ್ಲಿ ಒಂದು ಸ್ಥಾನವನ್ನು ತೋರಿಸಿರಬಹುದು. ಆದರೆ ಕೈಯಿಂದ ಬಾಗಿಸಿದ ತಗಡಿನ ಅಂಚು ಒಬ್ಬನದು ಮತ್ತೊಬ್ಬನದರಂತೆ ಇರುವುದಿಲ್ಲ. ನೆಲದ ಮೇಲೆ ನಿಂತು ಬೆರಳಿನಿಂದ ನಾಲಗೆಯನ್ನೆತ್ತಿ, ಗಂಟೆ ಕೂಗಿತೆಂದು ಸಮಾಧಾನಪಡುವವರುಂಟು. ಅದು ತಂತಿಯು ನೆಟ್ಟಗಿದೆಯೆಂಬುದಕ್ಕೆ ಸಾಕ್ಷಿಯೇ ಹೊರತು ಸ್ಥಾನವು ಸರಿಯಾಗಿದೆಯೆಂಬುದಕ್ಕಲ್ಲ.

ನಿಜವಾದ ಪರೀಕ್ಷೆಯು ಆಕಾಶದಲ್ಲಿ. ನೆಲದಿಂದ 3000 ಅಡಿಗಳಿಗೆ ಕಡಮೆಯಿಲ್ಲದ ಎತ್ತರಕ್ಕೇರಿ, ಸುತ್ತಮುತ್ತ ಬೇರೆ ವಿಮಾನವಿಲ್ಲವೆಂದು ನೋಡಿಕೊಂಡು, ಎಂಜಿನಿನ ಶಕ್ತಿಯನ್ನಿಳಿಸಿ, ಕ್ಷಣಕ್ಕೆ ಒಂದು ನಾಟಿನಂತೆ ಮೆಲ್ಲಗೆ ವೇಗವನ್ನು ಕುಗ್ಗಿಸಬೇಕು. ಗಂಟೆ ಮೊಳಗಿದಾಗಿನ ವೇಗ, ರೆಕ್ಕೆ ಸೋತಾಗಿನ ವೇಗ, ಇವೆರಡನ್ನೂ ಬರೆದುಕೊಳ್ಳಬೇಕು. ಇಳಿದು ಬಂದು ಸ್ಕ್ರೂಗಳನ್ನು ಸಡಿಲಿಸಿ, ಗಂಟೆ ತಡವಾಗಿ ಕೂಗಿದ್ದರೆ ನಾಲಗೆಯ ತಗಡನ್ನು ಮೇಲಕ್ಕೂ, ಬೇಗ ಕೂಗಿದ್ದರೆ ಕೆಳಕ್ಕೂ ಕೂದಲೆಳೆಯಷ್ಟು ಸರಿಸಬೇಕು, ಮತ್ತೆ ಹಾರಬೇಕು. ರೆಕ್ಕೆಯ ಹಿಂದಿನ ಫ್ಲ್ಯಾಪುಗಳನ್ನು ಮಡಚಿ ಒಮ್ಮೆ, ಬಿಡಿಸಿ ಒಮ್ಮೆ ನೋಡಬೇಕು. ಸೋಲಿಗಿಂತ ಕನಿಷ್ಠ 5 ನಾಟ್ ಮುಂಚೆ ಎಚ್ಚರಿಕೆ ಸಿಕ್ಕಬೇಕೆಂಬುದು ಅಮೆರಿಕದ ಕಾರ್ಖಾನೆಯ ಸಣ್ಣ ವಿಮಾನಗಳಿಗೆ ಬಹುಕಾಲ ಇದ್ದ ನಿಯಮ. ಮನೆಯಲ್ಲಿ ಕಟ್ಟುವವನಿಗೂ ಅದು ಒಳ್ಳೆಯ ಅಳತೆ.

ಬೇಗ ಕೂಗಿದರೆ ಕೆಡುಕೇನು, ಎಚ್ಚರಿಕೆ ಹೆಚ್ಚಾದಷ್ಟೂ ಕ್ಷೇಮವಲ್ಲವೆ, ಎಂದು ಕೆಲವರು ಕೇಳಬಹುದು. ಇಲ್ಲಿಯೇ ಎಡವುವುದು. ಚಾಲಕರು ಇಳಿಯುವಾಗ ಸಾಮಾನ್ಯವಾಗಿ ಸೋಲಿನ ವೇಗದ 1.3 ಪಾಲು, ಎಂದರೆ ನಮ್ಮ ಉದಾಹರಣೆಯಲ್ಲಿ ಸುಮಾರು 58 ನಾಟ್ ವೇಗದಲ್ಲಿ ಬರುತ್ತಾರೆ. ಗಂಟೆಯು 60ಕ್ಕೇ ಕೂಗುವಂತಿದ್ದರೆ, ಪ್ರತಿಯೊಂದು ಸಲ ಇಳಿಯುವಾಗಲೂ ಉದ್ದಕ್ಕೂ ಕೂಗುತ್ತಲೇ ಇರುತ್ತದೆ. ರಾತ್ರಿಯೆಲ್ಲ ಬೊಬ್ಬೆಯಿಡುವ ತಳವಾರನ ದನಿಗೆ ಊರು ಎಚ್ಚರಗೊಳ್ಳುವುದುಂಟೆ? ಹತ್ತು ದಿನಗಳಲ್ಲಿ ಚಾಲಕನ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ. ಇನ್ನೂ ಬೇಸರವಾದರೆ ಅದರ ತಂತಿಯನ್ನೇ ಕಿತ್ತಾನು. ಹನ್ನೊಂದನೆಯ ದಿನ ರೆಕ್ಕೆಯು ನಿಜವಾಗಿ ಸೋಲುವಾಗಲೂ ಕೇಳಿಬರುವುದು ಅದೇ ಹಳೆಯ ದನಿ.

ತಡವಾದ ಗಂಟೆಯು ಮೋಸಮಾಡುವುದು ಒಂದೇ ಸಲ. ಅವಸರದ ಗಂಟೆಯು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಮೋಸಕ್ಕೆ ನಮ್ಮನ್ನು ಅಣಿಮಾಡುತ್ತದೆ. ಕೂದಲೆಳೆಯಷ್ಟು ಸರಿಸುವುದಕ್ಕಾಗಿ ನಾಲ್ಕಾರು ಬಾರಿ ಹಾರಿ ಇಳಿಯುವವನ ತಾಳ್ಮೆಯನ್ನು ನಾವು ಕಾಲಹರಣವೆಂದು ಎಣಿಸಬಾರದು. ತನ್ನ ಗಂಟೆಯ ಮಾತನ್ನು ತಾನೇ ನಂಬುವಂತಾಗಲು ಅವನು ತೆರುವ ಬೆಲೆ ಅದು.