ಗಣಕಯಂತ್ರಕ್ಕೆ ಸರಳೆ ವರಸೆ



ಗಣಕಯಂತ್ರದಲ್ಲಿ ಸಂಗೀತ ರಚಿಸುವುದು ಇಂದು ನಿಮಗೆ ಹೊಸ ವಿಷಯವೇನಲ್ಲ. ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ಕಾಲೇಜು ಮುಗಿಸಿ ಮನೆಗೆ ಬಂದ ಹುಡುಗನೊಬ್ಬ ತನ್ನ ಮೊಬೈಲಿನಲ್ಲೇ ತಬಲಾ, ಗಿಟಾರು, ಕೊಳಲು ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ರಾತ್ರಿ ಊಟದ ಹೊತ್ತಿಗೆ ಒಂದು ಹಾಡು ಸಿದ್ಧಪಡಿಸಬಲ್ಲ. ಆದರೆ ಅಂಥ ತಂತ್ರಾಂಶವನ್ನು ತೆರೆದೊಡನೆ ಪರದೆಯ ಮೇಲೆ ಸಾಮಾನ್ಯವಾಗಿ ಕಾಣುವುದೇನು ಎಂಬುದನ್ನು ಗಮನಿಸಿದ್ದೀರಾ? ಹಾರ್ಮೋನಿಯಂನಲ್ಲಿರುವಂತೆ ಒಂದು ಸ್ಥಾಯಿಗೆ ಹನ್ನೆರಡು ಮನೆಗಳು. ಸಂಗೀತ ಪಾಠಕ್ಕೆ ಹೋಗುವ ನಿಮ್ಮ ತಂಗಿ ಹಾಡುವ ಸ್ವರಗಳು ಆ ಹನ್ನೆರಡು ಮನೆಗಳಲ್ಲಿ ಹಿಡಿಯುತ್ತವೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಮನೆಬಳಕೆಯ ಮೊದಲ ಗಣಕಗಳ ಕಾಲಕ್ಕೆ ಹೋಗುವುದು ಒಳ್ಳೆಯದು. ಆ ಯಂತ್ರಗಳು ಬಡವಾಗಿದ್ದವು. ಬಡವಾಗಿದ್ದುದರಿಂದಲೇ ಅವುಗಳ ಲೆಕ್ಕಾಚಾರವೆಲ್ಲ ಕಣ್ಣಿಗೆ ಕಾಣುವಂತಿತ್ತು.

ಮೊದಲು ಹೊರಗಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬ ಎಂಜಿನಿಯರ್ ಕೋಣೆಯಷ್ಟು ದೊಡ್ಡದಾದ ಐ.ಬಿ.ಎಂ. ಗಣಕದಿಂದ ಹದಿನೇಳು ಸೆಕೆಂಡುಗಳ ಒಂದು ಚಿಕ್ಕ ರಚನೆಯನ್ನು ಹೊರಡಿಸಿದರು. ಕಾಲು ಶತಮಾನದ ನಂತರ, 1982ರಲ್ಲಿ ಬಂದ ಕಮೊಡೋರ್ 64 ಎಂಬ ಮನೆ ಗಣಕದಲ್ಲಿ ಏಕಕಾಲಕ್ಕೆ ಮೂರು ಸ್ವರ ನುಡಿಸುವ ಪ್ರತ್ಯೇಕ ಚಿಪ್ಪೇ ಇತ್ತು. 1984ರ ಹೊತ್ತಿಗೆ 'ಮ್ಯೂಸಿಕ್ ಕನ್‌ಸ್ಟ್ರಕ್ಷನ್ ಸೆಟ್' ಎಂಬ ತಂತ್ರಾಂಶ ಪ್ರಸಿದ್ಧವಾಯಿತು. ಅದನ್ನು ಬರೆದ ವಿಲ್ ಹಾರ್ವೆ ಆಗ ಹೈಸ್ಕೂಲು ವಿದ್ಯಾರ್ಥಿ, ಅಂದರೆ ನಿಮ್ಮದೇ ವಯಸ್ಸಿನವನು. ಪರದೆಯ ಮೇಲಿನ ಐದು ಗೆರೆಗಳಿಗೆ ಸ್ವರಚಿಹ್ನೆಗಳನ್ನು ಎತ್ತಿ ತಂದಿಟ್ಟರೆ ಯಂತ್ರ ನುಡಿಸುತ್ತಿತ್ತು. ಆ ಐದು ಗೆರೆ ಪಾಶ್ಚಾತ್ಯರ ಲಿಪಿ. ಸ-ರಿ-ಗ ಬರೆದುಕೊಂಡು ಕಲಿತವರಿಗೆ ಅಲ್ಲಿ ಜಾಗವಿರಲಿಲ್ಲ.

ನಮ್ಮಲ್ಲಿ ಬಹುಮಂದಿ ವಿದ್ಯಾರ್ಥಿಗಳಿಗೆ ಗಣಕದ ಸಂಗೀತ ಪರಿಚಯವಾದದ್ದು ಜಿ.ಡಬ್ಲ್ಯೂ. ಬೇಸಿಕ್ ಎಂಬ ಭಾಷೆಯ ಮೂಲಕ. 1990ರ ದಶಕದಲ್ಲಿ ಶಾಲಾ ಕಾಲೇಜುಗಳ ಲ್ಯಾಬುಗಳಲ್ಲಿ, ಬೀದಿ ಬೀದಿಯ ಕಂಪ್ಯೂಟರ್ ತರಗತಿಗಳಲ್ಲಿ ಅದನ್ನೇ ಕಲಿಸುತ್ತಿದ್ದರು. ಅದರಲ್ಲಿ ಸಂಗೀತಕ್ಕೆಂದು ಎರಡು ಆಜ್ಞೆಗಳಿದ್ದವು. ಒಂದು 'ಪ್ಲೇ', ಇನ್ನೊಂದು 'ಸೌಂಡ್'. ಇವೆರಡರ ನಡುವಿನ ವ್ಯತ್ಯಾಸದಲ್ಲೇ ನಮ್ಮ ಇಂದಿನ ವಿಷಯ ಅಡಗಿದೆ.

'ಪ್ಲೇ' ಆಜ್ಞೆಗೆ ಸ್ವರಗಳ ಇಂಗ್ಲಿಷ್ ಅಕ್ಷರಗಳನ್ನು ಕೊಡಬೇಕು. ಮಾಯಾಮಾಳವಗೌಳದ ಆರೋಹಣ ಬೇಕಾದರೆ ಸಿ, ಡಿ ಮೈನಸ್, ಇ, ಎಫ್, ಜಿ, ಎ ಮೈನಸ್, ಬಿ, ಆಮೇಲೆ ಮೇಲಿನ ಸಿ. ಸುಲಭ. ಆದರೆ ಯಾವ ಸ್ವರ ಎಷ್ಟು ಕಂಪನದ್ದು ಎಂಬುದನ್ನು ಯಂತ್ರವೇ ಮೊದಲು ನಿಶ್ಚಯಿಸಿಬಿಟ್ಟಿರುತ್ತದೆ. ಅದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿಕೊಂಡಿದೆ.

'ಸೌಂಡ್' ಹಾಗಲ್ಲ. ಅದು ನಿಮ್ಮನ್ನು ಎರಡು ಸಂಖ್ಯೆ ಕೇಳುತ್ತದೆ: ಸೆಕೆಂಡಿಗೆ ಎಷ್ಟು ಕಂಪನ, ಎಷ್ಟು ಹೊತ್ತು. ಹೊತ್ತಿನ ಅಳತೆ ವಿಚಿತ್ರವಾದದ್ದು, ಗಣಕದ ಗಡಿಯಾರದ ಬಡಿತ ಸೆಕೆಂಡಿಗೆ 18.2. ಆದ್ದರಿಂದ 'ಸೌಂಡ್ 240, 18' ಎಂದು ಬರೆದರೆ 240 ಕಂಪನದ ನಾದ ಸುಮಾರು ಒಂದು ಸೆಕೆಂಡು ಕೇಳುತ್ತದೆ. ಈ 240ನ್ನೇ ನಮ್ಮ ಷಡ್ಜ ಎಂದು ಇಟ್ಟುಕೊಳ್ಳಿ. ಪಂಚಮ ಅದರ ಒಂದೂವರೆ ಪಟ್ಟು, 360. ಮಧ್ಯಮ ಮೂರರಲ್ಲಿ ನಾಲ್ಕು, 320. ಅಂತರ ಗಾಂಧಾರ ನಾಲ್ಕರಲ್ಲಿ ಐದು, 300. ಶುದ್ಧ ಋಷಭ 256, ಶುದ್ಧ ಧೈವತ 384, ಕಾಕಲಿ ನಿಷಾದ 450, ಮೇಲಿನ ಷಡ್ಜ 480. ನೋಡಿ, ಒಂದೂ ಭಿನ್ನರಾಶಿಯಿಲ್ಲದೆ ಮಾಯಾಮಾಳವಗೌಳ ಪೂರ್ತಿ ಕೂತಿತು. ಪುರಂದರದಾಸರು ಮೊದಲ ಪಾಠಕ್ಕೆ ಈ ರಾಗವನ್ನು ಆರಿಸಿದರೆಂದು ಸಂಪ್ರದಾಯ ಹೇಳುತ್ತದೆ. ಗಣಕಕ್ಕೂ ಮೊದಲ ಪಾಠವಾಗಿ ಇದೇ ಒಪ್ಪುತ್ತದೆ ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ.

ಈಗ ಅದೇ 240ರಿಂದ ಹನ್ನೆರಡು ಸಮಪಾಲಿನ ಲೆಕ್ಕ ಹಾಕಿದರೆ ಏನು ಬರುತ್ತದೆ? ಪಂಚಮ 359.6, ಮಧ್ಯಮ 320.4. ಇವೆರಡೂ ಹತ್ತಿರವೇ ಇವೆ. ಗಾಂಧಾರ ಮಾತ್ರ 302.4, ಧೈವತ 381, ನಿಷಾದ 453. 'ಎರಡು ಮೂರು ಕಂಪನ ತಾನೇ, ಯಾರಿಗೆ ಗೊತ್ತಾಗುತ್ತದೆ?' ಎನ್ನಬೇಡಿ. ತಂಬೂರಿಯ ಜೊತೆಯಲ್ಲಿ ಗೊತ್ತಾಗುತ್ತದೆ. ತಂಬೂರಿಯ ಮಂದ್ರ ಷಡ್ಜದ ತಂತಿ 120 ಕಂಪನದ್ದಾದರೆ, ಅದರ ಐದನೆಯ ಅನುಸ್ವರ 600. ಅಂದರೆ ತಂತಿಯೊಳಗೇ ತಾರಸ್ಥಾಯಿಯ ಗಾಂಧಾರವಿದೆ. ಶ್ರುತಿ ಚೆನ್ನಾಗಿ ಸೇರಿದಾಗ ತಾನಾಗಿ ಕೇಳುವ ಗಾಂಧಾರ ಅದೇ. ಅದರ ಪಕ್ಕದಲ್ಲಿ ಸಮಪಾಲಿನ ತಾರ ಗಾಂಧಾರ 604.8ನ್ನು ನುಡಿಸಿದರೆ ಎರಡೂ ಸೇರದೆ ಸೆಕೆಂಡಿಗೆ ಸುಮಾರು ಐದು ಬಾರಿ ಏರಿಳಿಯುವ ಮಿಡಿತ ಹುಟ್ಟುತ್ತದೆ. ಕಿವಿ ಅದನ್ನು ಕೂಡಲೇ ಹಿಡಿಯುತ್ತದೆ.

ತಂಬೂರಿಯ ಈ ಗುಟ್ಟನ್ನು ಭೌತಶಾಸ್ತ್ರದ ದೃಷ್ಟಿಯಿಂದ ನೋಡಿದವರು ಸರ್ ಸಿ.ವಿ. ರಾಮನ್. ಕುದುರೆಯ ಮೇಲೆ ತಂತಿಯ ಕೆಳಗೆ ಸೇರಿಸುವ ನೂಲಿನ ಎಳೆಯಿಂದಾಗಿ, ಪಠ್ಯಪುಸ್ತಕದ ನಿಯಮದ ಪ್ರಕಾರ ಕೇಳಿಸಬಾರದ ಅನುಸ್ವರಗಳೂ ಕೇಳಿಸುತ್ತವೆಂದು ಕಲ್ಕತ್ತೆಯಲ್ಲಿದ್ದಾಗಲೇ, 1921ರಲ್ಲಿ ಅವರು ಬರೆದರು. 1933ರಲ್ಲಿ ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಮೇಲೆ ಮೃದಂಗದ ಕರಣೆಯ ಬಗ್ಗೆಯೂ ವಿವರವಾಗಿ ಬರೆದರು. ನಮ್ಮ ದೂರದರ್ಶನ ಕೇಂದ್ರವಿರುವ ಜೆ.ಸಿ. ನಗರದಿಂದ ಹೊರಟು ಮೇಖ್ರಿ ವೃತ್ತ ದಾಟಿದರೆ ಅವರು 1948ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆ ಸಿಗುತ್ತದೆ. ಹೆಬ್ಬಾಳದಿಂದ ಬಸ್ಸಿನಲ್ಲಿ ಬರುವ ನೀವು ಆ ಮರಗಳ ಆವರಣವನ್ನು ಎಷ್ಟೋ ಸಲ ನೋಡಿರುತ್ತೀರಿ.

ಆ ಕಾಲದ ಪಿ.ಸಿ.ಯ ಪುಟ್ಟ ಸ್ಪೀಕರಿಗೆ ಏಕಕಾಲಕ್ಕೆ ಒಂದೇ ಸ್ವರ ಸಾಧ್ಯ, ಅದೂ ಜೀರುಂಡೆಯ ದನಿಯಲ್ಲಿ. ಸ್ವರ ನುಡಿಸುತ್ತ ಶ್ರುತಿಯನ್ನೂ ಹಿಡಿಯಲು ಅದಕ್ಕಾಗದು. ಶ್ರುತಿಗೆ ಬೇರೆ ಪೆಟ್ಟಿಗೆ ಬೇಕು. ಆ ಪೆಟ್ಟಿಗೆಯನ್ನು ನಮ್ಮ ಊರೇ ಕೊಟ್ಟಿತು. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ರಾಡೆಲ್ ಎಂಬ ಹೆಸರಿನ ಆ ಪೆಟ್ಟಿಗೆಗಳು ಮುಂದೆ ಸಂಗೀತ ಪಾಠದ ಮನೆಗಳಿಗೆಲ್ಲ ಬಂದವು. ನಮ್ಮ ಸಂಗೀತಕ್ಕೆ ನಿಜಕ್ಕೂ ಬೇಕಾದದ್ದೇನು ಎಂದು ಕೇಳಿಕೊಂಡು ಮಾಡಿದ ಯಂತ್ರ ಅದು. ವಿದೇಶಿ ಕೀಬೋರ್ಡನ್ನು ತಂದು ಬಗ್ಗಿಸುವುದಕ್ಕಿಂತ ಇದು ಬೇರೆಯೇ ದಾರಿ.

ಇನ್ನೊಂದು ಯಂತ್ರದ ಮಾತು ಹೇಳಲೇಬೇಕು. 1984ರಲ್ಲಿ ಭಾರತ ಸರ್ಕಾರ ಶಾಲೆಗಳಿಗಾಗಿ 'ಕ್ಲಾಸ್' ಎಂಬ ಗಣಕ ಸಾಕ್ಷರತಾ ಯೋಜನೆ ಆರಂಭಿಸಿ, ದೇಶದ ಆಯ್ದ ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಎಂಬ ಬ್ರಿಟಿಷ್ ಗಣಕವನ್ನು ಕೊಟ್ಟಿತು. ಅದರ 'ಸೌಂಡ್' ಆಜ್ಞೆ ಒಂದು ಸ್ಥಾಯಿಯನ್ನು ಹನ್ನೆರಡಲ್ಲ, ನಲವತ್ತೆಂಟು ಪಾಲು ಮಾಡುತ್ತಿತ್ತು! ಇಷ್ಟು ಸೂಕ್ಷ್ಮವಿದ್ದರೂ ನಮ್ಮ ಗಾಂಧಾರ ಅದರಲ್ಲಿ ಸರಿಯಾಗಿ ಸಿಗುತ್ತಿರಲಿಲ್ಲ. ಹದಿನೈದನೆಯ ಪಾಲು ತುಸು ತಗ್ಗು, ಹದಿನಾರನೆಯದು ತುಸು ಹೆಚ್ಚು. ಆದರೆ ಅದೇ ಗಣಕದಲ್ಲಿ 'ಎನ್ವಲಪ್' ಎಂಬ ಇನ್ನೊಂದು ಆಜ್ಞೆಯಿತ್ತು. ಹದಿನಾಲ್ಕು ಸಂಖ್ಯೆ ಕೊಟ್ಟರೆ ಸ್ವರ ನಿಂತಲ್ಲೇ ಏರಿ, ಇಳಿದು, ಮತ್ತೆ ಏರುತ್ತಿತ್ತು. ಗಮಕಕ್ಕೆ ಅತ್ಯಂತ ಸಮೀಪ ಬಂದ ಶಾಲಾ ಗಣಕ ಅದು ಎಂದು ನನ್ನ ಅಭಿಪ್ರಾಯ.

ಗಮಕ ಎಂದೊಡನೆ ನಿಜವಾದ ಕಷ್ಟಕ್ಕೆ ಬಂದೆವು. ಸ್ವರಸ್ಥಾನವನ್ನು ಸಂಖ್ಯೆಯಿಂದ ಹಿಡಿಯಬಹುದು. ತೋಡಿಯ ಗಾಂಧಾರವನ್ನು ಹಿಡಿಯುವುದು ಹೇಗೆ? ಅದು ಒಂದೆಡೆ ನಿಲ್ಲುವುದೇ ಇಲ್ಲ, ಋಷಭ ಮಧ್ಯಮಗಳ ನಡುವೆ ತೂಗುತ್ತಿರುತ್ತದೆ. ನಮ್ಮ ಪುಸ್ತಕದಲ್ಲಿ ಅದಕ್ಕೆ 'ಗ' ಎಂಬ ಒಂದೇ ಅಕ್ಷರ. ಉಳಿದದ್ದನ್ನು ಗುರುಗಳು ಹಾಡಿ ತೋರಿಸಬೇಕು. ಗಣಕಕ್ಕೆ ಗುರುವಿಲ್ಲ. ಬೇಸಿಕ್‌ನಲ್ಲಿ ಆ ಒಂದು ಸ್ವರಕ್ಕೆ ಸಾಲು ಸಾಲಾಗಿ 'ಸೌಂಡ್' ಬರೆಯಬೇಕು. ಅಷ್ಟು ಬರೆದರೂ ಮೆಟ್ಟಿಲು ಹತ್ತಿದ ಹಾಗೆ ಕೇಳುತ್ತದೆಯೇ ಹೊರತು ಜಾರಿದ ಹಾಗಲ್ಲ.

ಇದನ್ನೇ ಗಂಭೀರವಾಗಿ ಕೈಗೆತ್ತಿಕೊಂಡವರು ಎಂ. ಸುಬ್ರಮಣಿಯನ್. ಅವರ 'ಗಾಯಕ' ಎಂಬ ತಂತ್ರಾಂಶ ಸಾಧಾರಣ ಪಿ.ಸಿ.ಯಲ್ಲೇ ನಡೆಯುತ್ತಿತ್ತು. ಸ-ರಿ-ಗ ಅಕ್ಷರಗಳನ್ನೇ ಕೀಲಿಮಣೆಯಲ್ಲಿ ಒತ್ತಿ, ಗಮಕಗಳನ್ನೂ ಬರಹದಲ್ಲಿ ಸೂಚಿಸಿ ಕರ್ನಾಟಕ ಸಂಗೀತವನ್ನು ನುಡಿಸುವುದು ಅದರ ಉದ್ದೇಶ. 1999ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪತ್ರಿಕೆಯಲ್ಲಿ ಗಣಕದಿಂದ ಕರ್ನಾಟಕ ಸಂಗೀತ ಹೊರಡಿಸುವ ಬಗ್ಗೆ ಅವರು ಲೇಖನವನ್ನೂ ಬರೆದರು. ಸ್ವರದ ಹೆಸರು ಒಂದು, ಅದು ನಡೆಯುವ ದಾರಿ ಇನ್ನೊಂದು ಎಂಬುದನ್ನು ಯಂತ್ರಕ್ಕೆ ಕಲಿಸಹೊರಟ ಪ್ರಯತ್ನ ಅದು.

ಅತ್ತ ಜಗತ್ತಿನ ಉದ್ಯಮ 1983ರಲ್ಲೇ 'ಮಿಡಿ' ಎಂಬ ಒಪ್ಪಂದ ಮಾಡಿಕೊಂಡಿತ್ತು. ಅದರಲ್ಲಿ ಸ್ವರವೆಂದರೆ 128 ಕೀಲಿಗಳಲ್ಲಿ ಒಂದರ ಸಂಖ್ಯೆ. ಸ್ವರ ಬಗ್ಗಿಸಬಹುದು, ಆದರೆ ಒಂದು ವಾಹಿನಿಯಲ್ಲಿ ಬಗ್ಗಿಸಿದರೆ ಅದರಲ್ಲಿರುವ ಸ್ವರಗಳೆಲ್ಲ ಒಟ್ಟಿಗೆ ಬಗ್ಗುತ್ತವೆ. ಒಂದೊಂದು ಸ್ವರವನ್ನು ಬೇರೆ ಬೇರೆಯಾಗಿ ಬಗ್ಗಿಸುವ ಸೌಲಭ್ಯವುಳ್ಳ 'ಮಿಡಿ 2.0' ಅಂಗೀಕಾರವಾದದ್ದು 2020ರಲ್ಲಿ. ನಿಮ್ಮ ಮೊಬೈಲಿನ ಹನ್ನೆರಡು ಮನೆಗಳ ಹಿಂದೆ ಇಷ್ಟು ಇತಿಹಾಸವಿದೆ.

ಈಗ ನಿಮಗೊಂದು ಕೆಲಸ. 'ಸ್ಕಾಲಾ' ಎಂಬ ಉಚಿತ ತಂತ್ರಾಂಶದ ಶ್ರುತಿ ಕಡತವನ್ನು ಇಂದಿನ ಎಷ್ಟೋ ಸಂಗೀತ ತಂತ್ರಾಂಶಗಳು ಓದುತ್ತವೆ. ಅದು ಬರೀ ಪಠ್ಯ, ಯಾವ ಬರಹ ತಂತ್ರಾಂಶದಲ್ಲಾದರೂ ಬರೆಯಬಹುದು. ಮೊದಲ ಸಾಲಿನಲ್ಲಿ ಒಂದು ಹೆಸರು, ಎರಡನೆಯದರಲ್ಲಿ 7 ಎಂಬ ಸಂಖ್ಯೆ, ಆಮೇಲೆ ಒಂದೊಂದು ಸಾಲಿಗೆ 16/15, 5/4, 4/3, 3/2, 8/5, 15/8, 2/1. ಕೀಬೋರ್ಡಿನಲ್ಲಿ ಒಂದು ಕೀಲಿಯನ್ನು ಷಡ್ಜ ಮಾಡಿಕೊಂಡು, ಬಿಳಿ ಕಪ್ಪೆಂದು ನೋಡದೆ ಒಂದರ ಪಕ್ಕದಲ್ಲೊಂದು ಒತ್ತುತ್ತ ಹೋಗಿ, ಎಂಟನೆಯದಕ್ಕೆ ಮೇಲಿನ ಷಡ್ಜ ಬರುತ್ತದೆ. ಪಕ್ಕದಲ್ಲಿ ಶ್ರುತಿ ಪೆಟ್ಟಿಗೆ ಹಾಕಿಡಿ, ಮೇಲಿನ ಗಾಂಧಾರದ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಆಮೇಲೆ ಹಳೆಯ ಹನ್ನೆರಡು ಮನೆಗೆ ಹಿಂತಿರುಗಿ ಅದೇ ಗಾಂಧಾರವನ್ನು ಒತ್ತಿ, ಮಿಡಿತವನ್ನು ಎಣಿಸಿ. ತಂಗಿಯನ್ನೂ ಕೂರಿಸಿಕೊಳ್ಳಿ, ಅವಳ ಕಿವಿ ನಿಮಗಿಂತ ಚುರುಕಾಗಿರಬಹುದು.